ಓಂಕಾರದ ಕೆಳಗಿನ ಮನೆ

"ಈ ಮನ್ಸನ ಕೈಗೆ ಭಾನುವಾರನಾದ್ರೂ ರಜಾ ಇಲ್ವಾ?"

ಭಾಗ್ಯಮ್ಮ ಯಾರನ್ನೂ ಕುರಿತು ಕೇಳಿದ್ದಲ್ಲ. ತಾರಸಿಯ ಮೇಲೆ ಒಬ್ಬಳೇ ಚಾಪೆ ಹಾಸುತ್ತಿದ್ದಳು. ಕೆಳಗಿನ ಮಹಡಿಯಲ್ಲಿ ಪಾತ್ರೆ ಗೋಡೆಗೆ ಬಡಿದ ಸದ್ದಾಯಿತು, ಅದರ ಹಿಂದೆಯೇ "ಯವ್ವಾ" ಎಂಬ ಕೂಗು. ಕ್ಷಣಕಾಲ ನಿಂತವಳು ಬಗ್ಗಿ ಚಾಪೆಯ ಮಡಿಕೆ ಸರಿಮಾಡಿದಳು.

ಮಾಕಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅವಳ ಗಂಡ ಲಕ್ಷ್ಮಯ್ಯ ಈಗ ಬಾಡಿಗೆ ಮನೆಗಳನ್ನು ಎಬ್ಬಿಸಿದ್ದ. ಬಾಡಿಗೆದಾರರು ಬಹುಪಾಲು ಬಳ್ಳಾರಿ, ಕೊಪ್ಪಳ ಕಡೆಯವರು. ಪೀಣ್ಯದ ಫ್ಯಾಕ್ಟರಿಗಳಲ್ಲಿ ದುಡಿಯುವವರು. ಅವರಲ್ಲಿ ಕೊಟ್ರಪ್ಪನೆಂದರೆ ಲಕ್ಷ್ಮಯ್ಯನಿಗೆ ಬಲು ಮೆಚ್ಚು. ಕುಡಿಯುವವನಲ್ಲ, ಬೀಡಿ ಸೇದುವವನಲ್ಲ. ತಾರಸಿಯ ಮೇಲೆ ನಡೆಯುವ ಭಾನುವಾರದ ಯೋಗದಲ್ಲಿ ಮುಂದಿನ ಸಾಲಿನಲ್ಲಿ ಪದ್ಮಾಸನ ಹಾಕಿ ಕೂತನೆಂದರೆ ಕಲ್ಲಿನ ಬಸವಣ್ಣ. ಅವನು ಹೆಂಡತಿ ನೀಲಾಂಬಿಕೆಯನ್ನು ಹೊಡೆಯುವುದು ಎಲ್ಲರಿಗೂ ಗೊತ್ತಿತ್ತು. "ಯೋಗ ಮಾಡ್ತಾ ಅವ್ನಲ್ಲ, ನಿಧಾನಕ್ಕೆ ಸರಿ ಓಯ್ತಾನೆ" ಎಂದು ಲಕ್ಷ್ಮಯ್ಯ ಹೇಳಿದ ಮೇಲೆ ಯಾರೂ ಆ ಮಾತೆತ್ತಲಿಲ್ಲ.

ಯೋಗ ಕಲಿಸಲು ಬರುತ್ತಿದ್ದ ದಿವ್ಯಾ ಆಪ್ತ ಸಮಾಲೋಚಕಿ. ಉಸಿರಾಟ, ಧ್ಯಾನ ಮುಗಿದ ಮೇಲೆ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು, ಮನೆಯ ಕಷ್ಟ ಹೇಳಿಕೊಳ್ಳುವವರ ಮಾತು ಕೇಳುವಳು. ಹಿಂದಿನ ಸಲ ನೀಲಾಂಬಿಕೆಯೂ ಅಲ್ಲಿ ಒಂದು ಗಳಿಗೆ ಕೂತು ಎದ್ದುಹೋಗಿದ್ದಳು. ಮೊದಲ ದಿನ ತುಮಕೂರು ರಸ್ತೆಯ ಲಾರಿಗಳ ಅಬ್ಬರಕ್ಕೆ ಎಲ್ಲರೂ ಕಣ್ಣು ಬಿಟ್ಟಾಗ, "ಹೊರಗಿನ ಸದ್ದು ಬಂದ್ರೆ ಬರ್ಲಿ, ಹೋದ್ರೆ ಹೋಗ್ಲಿ. ನೀವು ಅದರ ಹಿಂದೆ ಹೋಗ್ಬೇಡಿ" ಎಂದಿದ್ದಳು. ಆ ಮಾತು ಭಾಗ್ಯಮ್ಮನಿಗೆ ಬಹಳ ಹಿಡಿಸಿತು. ಭಜನೆ ಮನೆಯಲ್ಲಿ ಅಪ್ಪ ಪದ್ಯ ಓದುವಾಗ ಕಂಬಕ್ಕೊರಗಿ ಕೇಳಿ ಬೆಳೆದ ಕಿವಿ ಅವಳದು. ಕಂಠವೂ ಒಳ್ಳೆಯದಿತ್ತು. ದಿವ್ಯಾ ಬಾರದ ವಾರ ಅವಳೇ ಓಂಕಾರ ಹೇಳಿಸುವಳು. ಅಂಥ ವಾರ ಕೊಟ್ರಪ್ಪ ಮೇಲೆ ಬಾರದೆ ಕೆಳಗೆ ಅವನ ಕೈ ಎದ್ದಾಗ ಇಲ್ಲಿ ಅವಳ ದನಿ ಏರುತ್ತಿತ್ತು. ಅವಳ ಹಿಂದೆ ಉಳಿದವರದೂ. ಯಾರೂ ಹೇಳಿಕೊಡದೆಯೇ ಅದೊಂದು ಪದ್ಧತಿಯಾಗಿ ಹೋಗಿತ್ತು.

ಅಂದು ದಿವ್ಯಾ ಬಂದಿದ್ದಳು. ಎಲ್ಲರೂ ಕಣ್ಣು ಮುಚ್ಚಿ ಕೂತರು. ಮುಂದಿನ ಸಾಲಿನಲ್ಲಿ ಒಂದು ಚಾಪೆ ಖಾಲಿಯಿತ್ತು. ಕೆಳಗಿನಿಂದ ಚೀತ್ಕಾರ ಬಂತು. ಭಾಗ್ಯಮ್ಮ ರೂಢಿಯಂತೆ ಎದೆ ತುಂಬ ಉಸಿರೆಳೆದು ಓಂ ಎಂದಳು. ತಾರಸಿಯೇ ಅವಳ ಜೊತೆ ಓಂ ಎಂದಿತು. ಚೀತ್ಕಾರ ಇನ್ನೂ ಜೋರಾಯಿತು. ಓಂಕಾರವೂ.

"ನಿಲ್ಸಿ! ಏನದು? ಯಾರು ಕಿರುಚ್ತಿರೋದು?" ದಿವ್ಯಾ ಎದ್ದು ನಿಂತಿದ್ದಳು.

"ಕೊಟ್ರಪ್ಪನ ಮನೇದು," ಭಾಗ್ಯಮ್ಮ ತಡವರಿಸಿದಳು. "ನೀವೇ ಏಳಿದ್ರಲ್ಲ ಮೇಡಂ, ಸದ್ದು ಬಂದ್ರೆ ಬರ್ಲಿ ಅಂತ..."

"ಲಾರಿ ಹಾರನ್‌ಗೆ ಹೇಳಿದ್ದಮ್ಮ ಅದು!"

ದಿವ್ಯಾ ಮೆಟ್ಟಿಲು ಹಾರಿಕೊಂಡು ಇಳಿದಳು. ಭಾಗ್ಯಮ್ಮನೂ, ಪಕ್ಕದ ಮನೆಯ ಬಸಲಿಂಗನೂ ಹಿಂದೆ ಓಡಿದರು. ಬಾಗಿಲಿಗೆ ಒಳಗಿನಿಂದ ಚಿಲಕ. ಬಸಲಿಂಗ ಹೆಗಲು ಕೊಟ್ಟು ಗುದ್ದಿದಾಗ ಚಿಲಕ ಕಿತ್ತುಬಂತು.

ಕೊಟ್ರಪ್ಪ ಹೆಂಡತಿಯ ಜಡೆಯನ್ನು ಎಡಗೈಗೆ ಸುತ್ತಿಕೊಂಡಿದ್ದ. ಬಲಗೈಯಲ್ಲಿ ಬೆಲ್ಟು. ಬಕಲ್ಲು ತಾಗಿ ನೀಲಾಂಬಿಕೆಯ ಹುಬ್ಬು ಸೀಳಿತ್ತು, ರಕ್ತ ಗಲ್ಲದಿಂದ ತೊಟ್ಟಿಕ್ಕಿ ಚೆಲ್ಲಿದ ಅನ್ನದ ಮೇಲೆ ಬೀಳುತ್ತಿತ್ತು. ಒಂದು ಮುಂಗೈ ಬಾಗಬಾರದ ಕಡೆಗೆ ಬಾಗಿತ್ತು. ಜನ ಒಳಗೆ ಬಂದರೂ ಅವನು ಇನ್ನೊಂದು ಏಟು ಹಾಕಿದ. "ಟ್ಯಾಂಕಿನ ಮಗ್ಗಲ ಕುಂತು ಮೇಡಂಗೆ ಚಾಡಿ ಹೇಳ್ತಿಯೇನ?" ಎಂದ. ಅವನು ಏದುಸಿರು ಬಿಡುತ್ತಿರಲಿಲ್ಲ. ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ಮುಂದಿನ ಸಾಲಿನಲ್ಲಿ ಕೂತಾಗ ಎಷ್ಟು ಶಾಂತನೋ ಅಷ್ಟೇ ಶಾಂತನಾಗಿದ್ದ. ಅದನ್ನು ಕಂಡು ಭಾಗ್ಯಮ್ಮ ಕೂಗಿದಳು:

"ಬಿಡೋ ಅವಳ್ನ!"

"ಇದು ನಮ್ಮ ಮನಿ ಮಾತ್ರೀ, ಅಕ್ಕಾರ. ನೀವು ಧ್ಯಾನ ಮಾಡ್ಕೋ ಹೋಗ್ರಿ."

ಭಾಗ್ಯಮ್ಮ ನಡುವೆ ನುಗ್ಗಿದಳು. ಮುಂದಿನ ಏಟು ಅವಳ ಮೊಣಕೈ ಸುಲಿಯಿತು. ಬಸಲಿಂಗ ಕೊಟ್ರಪ್ಪನನ್ನು ಹಿಂದಿನಿಂದ ಅವುಚಿ ಗೋಡೆಗೆ ಒತ್ತಿದ. ಆ ಸಂದಿನಲ್ಲಿ ಹೆಂಗಸರಿಬ್ಬರೂ ನೀಲಾಂಬಿಕೆಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಕೆಳಗಿಳಿಸಿ, ಭಾಗ್ಯಮ್ಮನ ಮನೆಯೊಳಗೆ ತಂದು ಅಗುಳಿ ಹಾಕಿದರು. ದಿವ್ಯಾ ಪೊಲೀಸರಿಗೆ, ಆಂಬುಲೆನ್ಸಿಗೆ ಫೋನು ಮಾಡಿದಳು.

ಭಾಗ್ಯಮ್ಮ ಒದ್ದೆ ಬಟ್ಟೆಯಿಂದ ರಕ್ತ ಒರೆಸತೊಡಗಿದಳು. ನೀಲಾಂಬಿಕೆ ಅವಳನ್ನೇ ನೋಡುತ್ತ ಒಡೆದ ತುಟಿಯಲ್ಲಿ ಮೆಲ್ಲಗೆ ಹೇಳಿದಳು:

"ನಿಮ್ಮ ಓಂ ನನಗ ಕೇಳಸ್ತಿತ್ರೀ ಅಕ್ಕಾರ. ನನಗ ಕೇಳಸ್ತೈತಿ ಅಂದ್ರ ನಿಮಗೂ ನನ್ನ ದನಿ ಕೇಳಸ್ತೈತಿ ಅಂತ ಚೀರಿದೆ. ನೀವು ಜೋರು ಮಾಡಿದ್ರಿ. ಕೇಳಿಲ್ಲೇನೋ ಅಂತ ನಾನೂ ಜೋರು ಮಾಡಿದೆ."

ಭಾಗ್ಯಮ್ಮನ ಕೈ ನಿಂತಿತು.

ಬಾಗಿಲನ್ನು ದಡದಡ ಬಡಿದ ಸದ್ದಾಯಿತು. ದೇವಸ್ಥಾನದಿಂದ ಆಗಷ್ಟೇ ಬಂದಿದ್ದ ಲಕ್ಷ್ಮಯ್ಯ ಹೊರಗೆ ನಿಂತಿದ್ದ. ಬಸಲಿಂಗನ ಹಿಡಿತ ಬಿಡಿಸಿ ಕೊಟ್ರಪ್ಪನನ್ನೂ ಜೊತೆಗೆ ಕರೆತಂದಿದ್ದ.

"ಭಾಗ್ಯ, ಪೊಲೀಸು ಗಿಲೀಸು ಯಾಕಮ್ಮಿ? ನಾಳೆ ಊರೋರ ಮುಂದೆ ಮುಖ ಎಂಗೆ ಎತ್ಲಿ? ಇಬ್ರುನ್ನೂ ಎದುರುಬದುರು ಕೂರ್ಸಿ ಮೇಡಂ ಬುದ್ಧಿ ಏಳ್ಲಿ. ಇನ್ಮೇಲಿಂದ ದಿನಾ ಯೋಗ ಮಾಡ್ತೀನಿ ಅಂತಾವ್ನೆ."

"ತಪ್ಪಾತ್ರೀ ಅಕ್ಕಾರ," ಕೊಟ್ರಪ್ಪನ ದನಿ ಬಾಗಿಲಿಗೆ ಆತುಕೊಂಡು ಬಂತು. "ನಿಮ್ಮ ಕಾಲಿಗೆ ಬೀಳ್ತೀನಿ. ಅಕಿನ್ನ ಕಳಸ್ರಿ. ನೀಲಾ, ಬಾ ಮನಿಗೆ."

ನೀಲಾಂಬಿಕೆ ಗೋಡೆಗೆ ಅಂಟಿಕೊಂಡು ಕೂತಳು.

"ಎದುರುಬದುರು ಕೂರ್ಸೋ ಕೆಲಸ ನಾನು ಮಾಡಲ್ಲಮ್ಮ," ದಿವ್ಯಾ ಪಿಸುಗುಟ್ಟಿದಳು. "ಅವನ ಮುಂದೆ ಇವಳು ಬಾಯಿ ಬಿಡೋದುಂಟಾ? ಅವನಿಗೆ ಬೇಕಾದ್ರೆ ಆಮೇಲೆ ಬೇರೆ ಕರೆಸಿ ಮಾತಾಡ್ತೀನಿ. ಆದ್ರೆ ಮನೆ ನಿಮ್ದು."

ಹೊರಗೆ ಲಕ್ಷ್ಮಯ್ಯನ ತಾಳ್ಮೆ ತಪ್ಪಿತು. "ಲೇ, ನಾನ್ ಕಟ್ಸಿದ್ ಮನೆ ಇದು. ನನ್ ಬಾಗ್ಲಲ್ಲಿ ನನ್ನೇ ನಿಲ್ಸಿದ್ದೀಯಾ? ಮರ್ವಾದೆಯಾಗಿ ಕೇಳ್ತಾ ಇವ್ನಿ. ತೆಗಿ ಅಗುಳಿ."

ಭಾಗ್ಯಮ್ಮ ಎದ್ದಳು. ಅವನು ಕರೆದಾಗ ಎದ್ದುಹೋಗಿ ಅಭ್ಯಾಸವಾಗಿದ್ದ ಕಾಲುಗಳು ಬಾಗಿಲಿನವರೆಗೆ ನಡೆದವು. ಮರದ ಹಲಗೆ ಏಟಿಗೆ ಅದುರುತ್ತಿತ್ತು. ಅವಳು ತಿರುಗಿ, ಬೆನ್ನನ್ನು ಬಾಗಿಲಿಗೆ ಕೊಟ್ಟು ನಿಂತಳು.

"ತೆಗೆಯಲ್ಲ" ಎಂದಳು.