ಹನ್ನೊಂದನೇ ಹಾಸಿಗೆಯ ಚಾರ್ಟು

“ಎರಡು ಗಂಟೆಗೆ ಬಿ.ಪಿ. ಎಂಬತ್ತು–ಐವತ್ತು. ಸರಿ. ಅದರ ಕೆಳಗೆ ಇದೇನು ಪುರಾಣ ಬರೆದಿದ್ದೀಯ?” ಮೇಟ್ರನ್ ಚಾರ್ಟನ್ನು ಅವಳ ಕಡೆ ತಿರುಗಿಸಿದರು.

“ನಡೆದದ್ದನ್ನೇ ಬರೆದಿದ್ದೀನಿ ಮೇಡಂ. ಸಿಸ್ಟರಿಗೆ ಹೇಳ್ದೆ. ಡಾಕ್ಟರಿಗೆ ಎರಡು ಸಲ ಫೋನ್ ಮಾಡ್ದೆ. ಯಾರೂ ಬರಲಿಲ್ಲ.”

“ಕೂತ್ಕೋ,” ಎಂದರು ಮೇಟ್ರನ್. ಇದೇ ಆಸ್ಪತ್ರೆಯಲ್ಲಿ ಹದಿನಾಲ್ಕು ವರ್ಷ ಆಯಾ ಆಗಿ ಬೆಡ್‌ಪ್ಯಾನ್ ತೊಳೆದವಳು ಅವಳು. ಈ ಕೋಣೆಯಲ್ಲಿ ಕೂತ್ಕೋ ಎನ್ನಿಸಿಕೊಂಡದ್ದು ಇದೇ ಮೊದಲು.

ನರ್ಸ್ ಆಗುವ ಹುಚ್ಚು ಅವಳಿಗೆ ಎಂಟನೇ ವಯಸ್ಸಿಗೇ ಹಿಡಿದಿತ್ತು. ತಮ್ಮನ ಮೊಣಕಾಲು ಒಡೆದಾಗ, ಮತ್ತೆ ಕಟ್ಟುವ ಆಸೆಗೆ ದಿನಕ್ಕೆ ಮೂರು ಸಲ ಪಟ್ಟಿ ಬಿಚ್ಚಿ, ವಾರದಲ್ಲಿ ಮಾಯಬೇಕಿದ್ದ ಗಾಯವನ್ನು ತಿಂಗಳಿಗೆ ಎಳೆದವಳು. ಓದುವ ವಯಸ್ಸಿಗೆ ಅಮ್ಮ ಹಾಸಿಗೆ ಹಿಡಿದಳು; ಆಮೇಲೆ ಮದುವೆ, ಮಕ್ಕಳು. ಕೆಲಸದಲ್ಲಿದ್ದವರಿಗೆಂದು ಮೀಸಲಿಟ್ಟ ನರ್ಸಿಂಗ್ ಸೀಟು ಸಿಕ್ಕಾಗ ಮೂವತ್ತೆಂಟು ತುಂಬಿತ್ತು. ತರಗತಿಯ ಹುಡುಗಿಯರು ಅವಳನ್ನು ದೊಡ್ಡಮ್ಮ ಎಂದೇ ಕರೆದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಮೂರು ವರ್ಷ ಒಲೆಯ ಮುಂದೆ ನಿಂತ. “ನೀನು ಪಾಸಾಗೋದ್ರೊಳಗೆ ನಾನು ಅಡುಗೆಭಟ್ಟ ಆಗ್ಬಿಡ್ತೀನಿ,” ಎಂದು ನಗುತ್ತಿದ್ದ. ಅವಳು ಪಾಸಾದಳು. ಇನ್ನು ಉಳಿದದ್ದು ವಾರ್ಡಿನ ತರಬೇತಿ ದಾಖಲಿಸುವ ಡ್ಯೂಟಿ ಪುಸ್ತಕದ ಕೊನೆಯ ಪುಟಕ್ಕೆ ಮೇಟ್ರನ್ ಸಹಿ ಮಾತ್ರ. ಅದಿಲ್ಲದೆ ನರ್ಸ್ ಆಗಿ ನೋಂದಣಿ ಇಲ್ಲ.

ಹನ್ನೊಂದನೇ ಹಾಸಿಗೆಯಲ್ಲಿದ್ದವರು ಒಬ್ಬ ಮುದುಕ ದರ್ಜಿ. ಹೊಟ್ಟೆಯ ಆಪರೇಷನ್ ಆಗಿ ಎರಡು ದಿನ. ನಿನ್ನೆ ಮಧ್ಯಾಹ್ನ ಅವರ ಕೈ ಮುಟ್ಟಿದಾಗ ತಣ್ಣಗೆ ಬೆವೆತಿತ್ತು, ನಾಡಿ ಓಡುತ್ತಿತ್ತು. ಒಳಗೆಲ್ಲೋ ರಕ್ತ ಸೋರುತ್ತಿದೆ ಎಂದು ಅವಳಿಗೆ ಹೊಳೆಯಿತು. ಸ್ಟಾಫ್ ನರ್ಸ್ ಹುಡುಗಿ ಒಬ್ಬಳೇ ಎರಡು ವಾರ್ಡಿಗೆ ಓಡಾಡುತ್ತಿದ್ದಳು. “ಕಾಲು ಎತ್ತರಿಸಿ ಮಲಗಿಸಿ ದೊಡ್ಡಮ್ಮ, ಬಂದೆ,” ಎಂದು ಹೋದವಳು ಬರಲಿಲ್ಲ. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದಾರೆ ಎಂದಿತು ಫೋನು. ದರ್ಜಿ ಅವಳ ಕಾಲರನ್ನೇ ನೋಡುತ್ತ, “ಹೊಲಿಗೆ ಸೊಟ್ಟ ಇದೆ, ತಂದ್ಕೊಡು, ಬಿಚ್ಚಿ ಮತ್ತೆ ಹಾಕ್ತೀನಿ,” ಎಂದರು. ಮೂರೂ ಮುಕ್ಕಾಲಿಗೆ ಅವರ ಉಸಿರು ನಿಂತಿತು.

ಮೇಟ್ರನ್ ಖಾಲಿ ಚಾರ್ಟೊಂದನ್ನು ಮುಂದಿಟ್ಟರು. “ನೂರಿಪ್ಪತ್ತು–ಎಂಬತ್ತು ಅಂತ ಬರಿ. ನಾಡಿ ಎಂಬತ್ತು. ಕೆಳಗೆ ಏನೂ ಬೇಡ.”

“ಮೇಡಂ, ಅವರು...”

“ಆ ಸಿಸ್ಟರ್ ಹುಡುಗಿಗೆ ಇಪ್ಪತ್ತಮೂರು ವರ್ಷ. ನಿನ್ನ ಬರಹ ನೋಡಿದ್ರೆ ಮೊದಲು ಅವಳ ತಲೆ ಉರುಳುತ್ತೆ, ಡಾಕ್ಟರದ್ದಲ್ಲ. ಎರಡು ವಾರ್ಡಿಗೆ ಒಬ್ಬಳನ್ನ ಹಾಕಿದವರು ಯಾರು ಅಂತ ಯಾರೂ ಕೇಳಲ್ಲ. ಸತ್ತವರಂತೂ ಎದ್ದು ಬರಲ್ಲ.” ಅವರು ಖಾನೆಯಿಂದ ಡ್ಯೂಟಿ ಪುಸ್ತಕ ತೆಗೆದು ಚಾರ್ಟಿನ ಪಕ್ಕದಲ್ಲಿಟ್ಟರು. ದನಿ ಏರಲಿಲ್ಲ. “ನಿನ್ನ ಕಷ್ಟ ನೋಡಿದೀನಿ ಕಣಮ್ಮ. ನನ್ನ ಕೈಲಿ ಇಲ್ಲ ಅನ್ನಿಸ್ಬೇಡ.”

ಕಾರಿಡಾರಿನಲ್ಲಿ ಟ್ರಾಲಿಯೊಂದು ಕಿರುಗುಟ್ಟುತ್ತ ಹೋಯಿತು. ಅವಳು ಪೆನ್ನು ತೆಗೆದುಕೊಂಡಳು. ಅಂಕಿಗಳು ದುಂಡಗೆ, ಚೆಂದವಾಗಿ ಬಿದ್ದವು. ಮೇಟ್ರನ್ ಹಳೆಯ ಹಾಳೆಯನ್ನು ನಾಲ್ಕಾಗಿ ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡು, ಪುಸ್ತಕಕ್ಕೆ ಸಹಿ ಮಾಡಿದರು.

ಹೊರಗೆ ಬೆಂಚಿನ ಮೇಲೆ ದರ್ಜಿಯ ಮಗಳು ಅಪ್ಪನ ಬಟ್ಟೆಯ ಗಂಟು ಹಿಡಿದು ಕೂತಿದ್ದಳು. ಇವಳನ್ನು ಕಂಡು ಎದ್ದು ಬಂದಳು.

“ಅಕ್ಕಾ, ನೀವೇ ಅಲ್ವಾ ಜೊತೇಲಿದ್ದದ್ದು? ಅಲ್ಲಿ ಕೇಳಿದ್ರೆ ಎಲ್ಲಾ ನಾರ್ಮಲ್ ಇತ್ತು ಅಂತಾರೆ. ನೀವು ಹೇಳಿ, ನಂಬ್ತೀನಿ. ಎರಡು ಗಂಟೆಗೆ ನಾನು ಊಟಕ್ಕೆ ಹೋಗದೆ ಇಲ್ಲೇ ಇದ್ದಿದ್ರೆ, ಕೂಗಾಡಿದ್ದಿದ್ರೆ...”

“ಚೆನ್ನಾಗಿದ್ರು,” ಎಂದಳು ಅವಳು. “ಇದ್ದಕ್ಕಿದ್ದಂಗೆ ಆಗೋಯ್ತು. ನೀವಿದ್ರೂ ಏನೂ ಮಾಡೋಕಾಗ್ತಿರಲಿಲ್ಲ.”

ಮಗಳು ಗಂಟನ್ನು ಕಂಕುಳಿಗೆ ಸೇರಿಸಿ, ಅವಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. “ಇಷ್ಟು ಹೇಳಿದ್ರಲ್ಲ, ಸಾಕು. ನಿನ್ನೆಯಿಂದ ಒಂದೇ ಸಮನೆ ನನ್ನನ್ನೇ ಬೈಕೊಳ್ತಿದ್ದೆ.”

ನೋಂದಣಿ ಪತ್ರ ಎರಡು ತಿಂಗಳಿಗೆ ಅಂಚೆಯಲ್ಲಿ ಬಂತು. ಗಂಡ ಅದಕ್ಕೆ ಕಟ್ಟು ಹಾಕಿಸಿ ತಂದು, ಊಟದ ಜಾಗದ ಎದುರಿನ ಗೋಡೆಗೆ ಮೊಳೆ ಹೊಡೆಯತೊಡಗಿದ. ಗಾರೆ ಉದುರಿತು. ಇನ್ನೊಂದು ಕಡೆ ಹೊಡೆದ.

“ಬೀರುವಿನಲ್ಲಿಡಿ. ಧೂಳು ಹಿಡಿಯುತ್ತೆ,” ಎಂದಳು.

“ಲೋ ಮಗನೇ, ಕೇಳಿದ್ಯಾ ನಿಮ್ಮಮ್ಮನ ಮಾತು! ನಲವತ್ತು ದಾಟಿದ ಮೇಲೆ ಬಂದದ್ದನ್ನ ಬೀರುವಿನಲ್ಲಿಡ್ಬೇಕಂತೆ,” ಎಂದು ನಗುತ್ತ ಮೊಳೆ ಗಟ್ಟಿ ಮಾಡಿದ. ನೋಂದಣಿ ಸಂಖ್ಯೆಯನ್ನು ಎರಡು ಸಲ ಗಟ್ಟಿಯಾಗಿ ಓದಿದ. ಚಪ್ಪಾಳೆ ತಟ್ಟಿದ ಮಕ್ಕಳ ಜೊತೆ ಅವಳೂ ನಕ್ಕಳು.

ಊಟಕ್ಕೆ ಕರೆದಾಗ, ತನ್ನ ಜಾಗಕ್ಕೆ ಹೋಗದೆ ಮಗನಿಗೆ ಆ ಕಡೆ ಸರಿಯಲು ಹೇಳಿ, ಪತ್ರ ತೂಗುತ್ತಿದ್ದ ಗೋಡೆಗೆ ಬೆನ್ನು ಮಾಡಿ ಕೂತು ತಟ್ಟೆ ಎಳೆದುಕೊಂಡಳು.