ಬಲಗಡೆಯ ಕವಳ

ಮೊಬೈಲಿನ ಬೆಳಕು ಅವ್ವಿಯ ಬಾಯೊಳಗೆ ಬಿತ್ತು, ಅದೇ ಬಿಳಿ, ಎಡದವಡೆಯ ಮೂಲೆಯಲ್ಲಿ ಒಸಡಿನ ನಡುವೆ ಇಣುಕುವ ಎಲುಬು, ಇವತ್ತೂ ಮಾಂಸ ಮುಚ್ಚಲಿಲ್ಲ — ಒಲೆಯ ಮೇಲೆ ಗಂಜಿ ಉಕ್ಕುತ್ತಿದೆ, ಉಕ್ಕಲಿ, ವನಮಾಲಾ ಉಪ್ಪುನೀರಲ್ಲಿ ಅರಿವೆ ಅದ್ದಿ ಒರೆಸುತ್ತಾಳೆ, ಮೆಲ್ಲಗೆ, ಮಗಳು ಸುಶ್ಮಿತಾ ಹಸುಗೂಸಾಗಿದ್ದಾಗ ನಾಲಗೆ ಒರೆಸಿದ ಹಾಗೆ, ಹಾಗೆ ಒರೆಸಲು ಕಲಿಸಿದ್ದೂ ತನ್ನನ್ನು ಹೆತ್ತ ಇದೇ ಅವ್ವಿ, ದವಡೆ ಕೊಯ್ದು ಕೊಳೆತ ಎಲುಬು ತೆಗೆದದ್ದು ಗದ್ದೆ ನೆಡುವ ಮೊದಲು, ಈಗ ತೆನೆ ಬಗ್ಗಿದೆ, ಹೊನ್ನಾವರದ ಡಾಕ್ಟರು ಹೇಳಿದ್ದು ವಯಸ್ಸಾಯಿತಲ್ಲಮ್ಮ, ಸಕ್ಕರೆ ಕಾಯಿಲೆ ಬೇರೆ, ಗಾಯ ಕೂಡುವುದು ನಿಧಾನ, ಎಲೆಯಡಿಕೆಯ ಕವಳ ಮುಟ್ಟಿಸಬೇಡಿ, ಈ ಸಲವೂ ಕೂಡದಿದ್ದರೆ ಇನ್ನಷ್ಟು ಕೊಯ್ಯಬೇಕು — ಇನ್ನಷ್ಟು ಕೊಯ್ದರೆ ಮಾತು ಉಳಿಯುತ್ತದೆಯೇ, ಹಾಡು, ಸುಶ್ಮಿತಾಳ ಮದುವೆಗೆ ಧಾರೆಯ ಹಾಡನ್ನು ಅವ್ವಿ ಎತ್ತಬೇಕು, ವನಮಾಲಾ ಹಿಂದಿನಿಂದ ಹೇಳಬೇಕು, ಬುದ್ಧಿ ಬಂದಾಗಿನಿಂದ ಹಾಗೇ, ಅವ್ವಿ ಮುಂದೆ, ತಾನು ಹಿಂದೆ, ಮುಂದಿನ ಸಾಲು ಯಾವುದೆಂದು ತಾನು ನೆನಪಿಡಬೇಕಾಗಿಯೇ ಬರಲಿಲ್ಲ — ತಡೆ, ಇದೆಂತ, ಬಲಗೆನ್ನೆಯ ಒಳಗೆ ಕೆಂಪು, ರಕ್ತವೇ, ಅಲ್ಲ, ಹೊಗೆಸೊಪ್ಪಿನ ವಾಸನೆ, ಅವ್ವೀ, ಕವಳ ಹಾಕಿದ್ಯಾ, ಅವ್ವಿ ಕಣ್ಣು ತಪ್ಪಿಸಿ, ಡಾಕ್ಟ್ರು ಬೇಡ ಅಂದದ್ದು ಕೊಯ್ದ ಬದಿಗಲ್ವನೇ, ಬಲಗಡಿಗೆ ಎಂತ ಆತು, ಕವಳ ಹಾಕದೆ ಹಾಡು ಎತ್ತೂಕೆ ಆಗ್ತದ್ಯನೇ, ಮೊಮ್ಮಗಳ ಹಾಡು ಮರೀಬಾರ್ದು ಅಂತ ಹಿತ್ಲಲ್ಲಿ ಕೂತು ಒಬ್ಳೇ ಹೇಳ್ಕಳ್ತಿದ್ದೆ — ದಿನವೂ ತಾನು ಎಡಗಡೆ ಒರೆಸಿದ್ದು, ಬಲಗಡೆ ಬೆಳಕು ಬಿಡಲೇ ಇಲ್ಲ, ಬೈಯಬೇಕು, ಬೈಗುಳ ಗಂಟಲಿಗೆ ಬಂದು ನಗೆಯಾಯಿತು, ನಗೆ ಕಣ್ಣಿಗೆ ಏರಿತು, ಗದ್ದದ ಕೆಳಗೆ ಅಂಗೈ ಒಡ್ಡಿದಳು, ಉಗಿ ಅವ್ವಿ, ಎಲ್ಲ ಉಗಿ, ಹಾಡು ನಾ ಎತ್ತುತ್ತೇನೆ, ನೀ ಹಿಂದಿಂದ ಹೇಳು — ನೀನಾ, ಮೂರನೇ ಸಾಲಿಗೇ ಮದುಮಗಳ ಹಾಡು ಬಿಟ್ಟು ಮದುಮಗನ ಮನೆ ಹಾಡಿಗೆ ಓಡುವವಳು, ಅಂದು ಅವ್ವಿ ಸೊಟ್ಟಬಾಯಲ್ಲಿ ನಕ್ಕು ಉಗಿದಳು, ಬೆಚ್ಚಗೆ, ಕೆಂಪಗೆ, ಅಂಗೈ ತುಂಬ, ಅದರ ನಡುವೆ ಒಂದು ಬಿಳಿ ಚೂರು, ಅಡಿಕೆ ಇರಬೇಕು, ಹೆಬ್ಬೆರಳಲ್ಲಿ ಒತ್ತಿದಳು, ಅಡಿಕೆಯಾದರೆ ನೆನೆದು ಮೆತ್ತಗಾಗಿರಬೇಕು, ಇದು ಉಗುರಿಗೆ ಬಗ್ಗುವುದಿಲ್ಲ, ಎಂತದೇ ಅದು, ಅವ್ವಿ ಕೇಳುತ್ತಾಳೆ, ಎಂತ ಇಲ್ಲ ಅವ್ವಿ, ಅಡಿಕೆ, ಮುಷ್ಟಿ ಮುಚ್ಚಿದಳು, ಆತು, ಎತ್ತು ಹಾಗಾರೆ, ಅವ್ವಿ ಕಾಯುತ್ತಾಳೆ, ಬಾಯಿ ಅರ್ಧ ತೆರೆದು, ಹಿಂದಿನಿಂದ ಹೇಳಲು ಕಾಯುತ್ತಾಳೆ, ಮೊದಲ ಸಾಲು, ಮೊದಲ ಸಾಲು ಯಾವುದು, ಮುಷ್ಟಿಯೊಳಗೆ ಬಿಳಿ ಚೂರು ಚುಚ್ಚುತ್ತದೆ, ಅವ್ವಿಯ ಎಲುಬು, ಇನ್ನೂ ಬೆಚ್ಚಗಿದೆ, ಇನ್ನೂ ಬೆಚ್ಚಗೆ —