ಇವರು ರ್‍ಯಾಲಿಯ ಅರ್ಥ ಹೇಳಿದ ಸಂಜೆ

ನನ್ನ ಗಂಡ ದೇವದಾಸರು ಅಲೆವೂರಿನ ತಾಳಮದ್ದಳೆ ಸಂಘದ ಅರ್ಥಧಾರಿ. ಭಾಗವತರು ಪದ್ಯ ಹಾಡಿ ನಿಲ್ಲಿಸಿದ ಕೂಡಲೇ, ಕುಳಿತಲ್ಲಿಂದಲೇ ಪಾತ್ರವಾಗಿ ಅದರ ಅರ್ಥ ಹೇಳುವುದು, ಎದುರು ಕುಳಿತ ಪಾತ್ರವನ್ನು ಮಾತಿನಲ್ಲಿ ಸೋಲಿಸುವುದು ಇವರ ಕೆಲಸ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ನಾನಾದರೋ ತಂದೆಯವರು ದೇವರ ಮುಂದೆ ಕುಳಿತು ಕಾವ್ಯ ಓದುವುದನ್ನು ಕೇಳುತ್ತ ಬೆಳೆದವಳು. ಕೇಳುವುದೆಂದರೆ ನನಗೆ ಪೂಜೆಯ ಹಾಗೆ. ಹಾಗಾಗಿ ನಮ್ಮ ಸಂಸಾರ ಹೊಂದಿಕೊಂಡು ಬಂತು. ಇವರು ಹೇಳುತ್ತಾರೆ, ನಾನು ಕೇಳುತ್ತೇನೆ.

ತೊಂದರೆ ಎಂತದೆಂದರೆ, ಇವರು ಮನೆಯನ್ನೂ ಸಂಘದ ಹಾಗೆಯೇ ನಡೆಸುತ್ತಾರೆ. ಮನೆಯಲ್ಲಿ ಎರಡು ಅಭಿಪ್ರಾಯ ಬಂದಿತೋ, ಶನಿವಾರ ಸಂಜೆ ದೀಪ ಹಚ್ಚಿದ ಮೇಲೆ ಚಾವಡಿಯಲ್ಲಿ ವಾದ. ಪಕ್ಕದ ಮನೆಯ ಆಲ್ಫೋನ್ಸ್ ಪೊರ್ಬುಗಳು ತೀರ್ಪುಗಾರರು. ನಮ್ಮ ಮನೆಮಾತು ತುಳು, ಅವರದು ಕೊಂಕಣಿ. ವಾದ ಮಾತ್ರ ಕನ್ನಡದಲ್ಲಿ, ಸಂಘದ ಕ್ರಮದಲ್ಲೇ. ಗೆದ್ದ ಮಾತಿನಂತೆ ಮನೆ ನಡೆಯಬೇಕು. ಮಗಳು ಚೈತಾಲಿ ಯಾವ ಕೋರ್ಸಿಗೆ ಸೇರಬೇಕು ಎಂಬುದರಿಂದ ಹಿಡಿದು ಬಾವಿಕಟ್ಟೆಗೆ ಯಾವ ಬಣ್ಣ ಬಳಿಯಬೇಕು ಎಂಬ ತನಕ ಎಲ್ಲವೂ ಹೀಗೇ ತೀರ್ಮಾನವಾದದ್ದು. ಚೈತಾಲಿ ಒಂದು ಸಲವೂ ಗೆದ್ದವಳಲ್ಲ.

ಈ ಸಲದ ವಿಷಯ ಕಾರ್ಕಳದ ಕಾರು ರ್‍ಯಾಲಿ. ಪೊರ್ಬುಗಳ ಮಗಳು ಜೆನಿಫರ್‌ಗೆ ಕಾಪುವಿನಲ್ಲಿ ಸ್ವಂತ ಗ್ಯಾರೇಜು ಉಂಟು. ರ್‍ಯಾಲಿಯಲ್ಲಿ ಕಾರು ಓಡಿಸುವವಳು ಅವಳು. ಪಕ್ಕದ ಸೀಟಿನಲ್ಲಿ ಕುಳಿತು, ಮುಂದಿನ ತಿರುವು ಎಡಕ್ಕೋ ಬಲಕ್ಕೋ, ಎಷ್ಟು ಕಡಿದು ಎಂದು ಅಂಕೆ ಹಾಕಿ ಬರೆದಿಟ್ಟದ್ದನ್ನು ಓದಿ ಹೇಳುವವಳು ನಮ್ಮ ಚೈತಾಲಿ. ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸದಲ್ಲಿರುವ ಇವಳು ರಜೆಯನ್ನೆಲ್ಲ ಆ ಅಭ್ಯಾಸಕ್ಕೇ ಸುರಿದಿದ್ದಾಳೆ. ಬರುವ ಆದಿತ್ಯವಾರ ಬೆಳಿಗ್ಗೆಯಿಂದ ರಾತ್ರಿಯ ತನಕ ಇಬ್ಬರದೂ ಮೊದಲ ರ್‍ಯಾಲಿ. ಓದಿ ಹೇಳುವವರು ಪಕ್ಕದಲ್ಲಿ ಇಲ್ಲದ ಕಾರನ್ನು ಹೊರಡಲಿಕ್ಕೇ ಬಿಡುವುದಿಲ್ಲವಂತೆ.

ಇವರು ಬೇಡ ಎಂದರು. ಬರೀ ಬೇಡ ಎಂದದ್ದಲ್ಲ, ಅದೇ ಆದಿತ್ಯವಾರ ಮಣಿಪಾಲದಲ್ಲಿ ನಡೆಯುವ ಮೆಲಿಷಾಳ ಕಾರ್ಯಕ್ರಮಕ್ಕೆ ಎರಡು ಪಾಸು ತಂದು ಟೀಪಾಯಿಯ ಮೇಲಿಟ್ಟರು. ಮೆಲಿಷಾ ಪಡುಬಿದ್ರಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ದೊಡ್ಡ ಹೆಸರು ಮಾಡಿದ ಪಾಪ್ ಗಾಯಕಿ. ಚೈತಾಲಿಯ ಫೋನು ಕೂಗುವುದೇ ಅವಳ ಹಾಡಿನಲ್ಲಿ.

"ಹೇಳದೆ ಹೋಗಿಬಿಡು ಮಾರಾಯ್ತಿ," ಎಂದಳು ಜೆನಿಫರ್.

"ಇಲ್ಲ. ಅಪ್ಪನನ್ನು ಮೀರಿ ಹೋದರೆ ಕಾರಿನಲ್ಲಿ ನನ್ನ ಸ್ವರ ನಡುಗುತ್ತದೆ. ಗೆದ್ದೇ ಬರಬೇಕು," ಎಂದಳು ಚೈತಾಲಿ. ನಾನು ಅಂದುಕೊಂಡೆ, ಇವರನ್ನು ಗೆಲ್ಲುವುದುಂಟಾ?

ಶನಿವಾರ ಪೊರ್ಬುಗಳು ಹೆಂಡತಿ ರೋಸಿಬಾಯಿಯನ್ನೂ ಜೆನಿಫರಳನ್ನೂ ಕರೆದುಕೊಂಡು ಬಂದರು. ಪಾಪ್ ಗಾಯಕಿಯ ಪಾತ್ರ ಇವರದು, ರ್‍ಯಾಲಿಯ ಪಾತ್ರ ಮಗಳದು. ಇವರು ಶಲ್ಯ ಸರಿಮಾಡಿಕೊಂಡು ಕೇಳಿದರು, "ಹೇಳಿ ರ್‍ಯಾಲಿಯವರೇ, ನಿಮ್ಮ ಹೆಚ್ಚುಗಾರಿಕೆ ಎಂತ?"

ಚೈತಾಲಿ ನೆಲ ನೋಡಿದಳು. "ಕಾರು ಜೋರು ಹೋಗುತ್ತದೆ."

"ಮತ್ತೆ?"

"ಮತ್ತೆ ವಾಪಸು ಬರುತ್ತದೆ."

ಜೆನಿಫರ್ ಹಣೆಗೆ ಕೈ ಹಚ್ಚಿದಳು.

"ಜೋರು ಹೋಗುವ ಕಾರು ನೋಡಲಿಕ್ಕೆ ಕಾರ್ಕಳದ ತನಕ ಯಾಕೆ? ಹೆದ್ದಾರಿಯ ಬದಿಯಲ್ಲಿ ನಿಂತರೆ ಸಾಲದೇ? ನಾನು ವೇದಿಕೆಗೆ ಬಂದರೆ ಜನರ ಮುಖ ಅರಳುತ್ತದೆ. ನೀನು ಹಾದುಹೋದರೆ ಜನರಿಗೆ ಮುಖ ತೊಳೆಯಲಿಕ್ಕೆ ನೀರು ಬೇಕು!"

"ಹೌದಪ್ಪ, ಧೂಳು ಸ್ವಲ್ಪ ಉಂಟು," ಎಂದಳು ಚೈತಾಲಿ.

ಇವರಿಗೆ ತಡೆಯಲಾಗಲಿಲ್ಲ. "ಥೂ! ಒಪ್ಪಿಕೊಳ್ಳುತ್ತೀಯಲ್ಲ? ಎದುರು ಪಾತ್ರ ಇಷ್ಟು ಸಪ್ಪೆಯಾದರೆ ಪ್ರಸಂಗ ಕಳೆಗಟ್ಟುವುದು ಹೇಗೆ? ಪಾಪ ಆ ರ್‍ಯಾಲಿ, ನಿನ್ನ ಕೈಗೆ ಸಿಕ್ಕಿ ಅದಕ್ಕೆ ನ್ಯಾಯವೇ ಸಿಗಲಿಲ್ಲ. ಅದರ ಪರವಾಗಿ ಹೇಳಲಿಕ್ಕೆ ಎಷ್ಟುಂಟು! ಬಿಡು, ಪಾತ್ರ ಬದಲು. ರ್‍ಯಾಲಿ ನನಗಿರಲಿ."

ಇದು ಇವರ ಸಂಘದ ಪದ್ಧತಿ. ಒಂದು ಪಾತ್ರ ಕುಸಿದರೆ ಹಿರಿಯ ಅರ್ಥಧಾರಿ ಅದನ್ನು ತಾನು ವಹಿಸಿಕೊಂಡು ಎತ್ತಿ ನಿಲ್ಲಿಸಬೇಕು. ಸೋಲುವ ಪಾತ್ರವನ್ನು ಗೆಲ್ಲಿಸಿದರೆ ಇವರಿಗೆ ಊಟವೇ ಬೇಡ.

ಪೊರ್ಬುಗಳು ಎಚ್ಚರಿಸಿದರು, "ದೇವದಾಸಣ್ಣ, ಬದಲಾದ ಮೇಲೆ ತೀರ್ಪು ಪಾತ್ರಕ್ಕೆ, ಮನುಷ್ಯರಿಗಲ್ಲ."

"ಅಷ್ಟು ಕ್ರಮ ನನಗೆ ಗೊತ್ತಿಲ್ಲವಾ ಪೊರ್ಬುಗಳೇ?"

ಚೈತಾಲಿ ಜಡೆ ಹಿಂದಕ್ಕೆ ಎಸೆದು ನೆಟ್ಟಗೆ ಕುಳಿತಳು. ಈಗ ಬಂದ ಸ್ವರ ಬೇರೆಯೇ.

"ನಾನು ಮೆಲಿಷಾ! ಏಳಕ್ಕೆ ಎಂದು ಒಂಬತ್ತಕ್ಕೆ ಬಂದರೂ ನನ್ನ ಸಭೆಯಿಂದ ಒಬ್ಬರೂ ಏಳುವುದಿಲ್ಲ. ನೀನು ಒಂದು ನಿಮಿಷ ತಡವಾದರೆ ದಂಡ ಹಾಕುತ್ತಾರಂತೆ! ಕಾಯಿಸುವವರು ದೊಡ್ಡವರೋ, ಗಡಿಯಾರಕ್ಕೆ ಹೆದರುವವರೋ?"

ಇವರ ಕಣ್ಣು ಹೊಳೆಯಿತು. "ಎಲೌ ಗಾಯಕೀ! ಕಾಯಿಸುವುದೇ ದೊಡ್ಡಸ್ತಿಕೆಯಾದರೆ ನಮ್ಮೂರಿನ ಬಸ್ಸು ನಿನಗಿಂತ ದೊಡ್ಡ ತಾರೆ!"

"ಹಾಡಿಗೊಂದು ಉಡುಪು ನನ್ನದು!"

"ದಾರಿಗೊಂದು ಟಯರು ನನ್ನದು! ಅದನ್ನು ಬದಲಾಯಿಸಿ ಮುಗಿಯುವಾಗ ಲೋಟದ ಚಹಾ ಇನ್ನೂ ಬಿಸಿ ಇರುತ್ತದೆ. ನಿನ್ನ ಅಲಂಕಾರ ಮುಗಿಯುವಾಗ ಚಹಾ ಮಾಡಿದವನೇ ಮನೆಗೆ ಹೋಗಿರುತ್ತಾನೆ."

"ನನ್ನ ಸುತ್ತ ಹತ್ತು ಜನ ಕಾವಲಿನವರು!"

"ನನ್ನ ಕೆಳಗೆ ನಾಲ್ಕು ಜನ ಮೆಕ್ಯಾನಿಕ್ಕುಗಳು! ನಿನ್ನವರು ಜನರನ್ನು ತಳ್ಳುತ್ತಾರೆ, ನನ್ನವರು ಬೇಕಾದರೆ ನನ್ನನ್ನೇ ತಳ್ಳುತ್ತಾರೆ."

ರೋಸಿಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆಗ ಚೈತಾಲಿ ಸ್ವರ ತಗ್ಗಿಸಿದಳು.

"ಎಲೈ ರ್‍ಯಾಲಿಯೇ, ಒಂದು ಮಾತು. ನನ್ನ ಹಾಡನ್ನು ಜನ ಮನೆಗೆ ಕೊಂಡುಹೋಗುತ್ತಾರೆ. ಶಂಕರಪುರದ ಅಂಗಳದಲ್ಲಿ ಮಲ್ಲಿಗೆ ಕಟ್ಟುವ ಹೆಂಗಸರು ಅದನ್ನು ಗುನುಗುತ್ತಾರೆ. ಮಗುವನ್ನು ಮಲಗಿಸುವವರೂ ಅದನ್ನೇ ಹಾಡುತ್ತಾರೆ. ನಿನ್ನಿಂದ ಜನ ಮನೆಗೆ ಕೊಂಡುಹೋಗುವುದು ಎಂತ? ಕೂದಲಿನಲ್ಲಿ ಕೆಂಪು ಮಣ್ಣು. ಅಷ್ಟೇ ಅಲ್ವಾ?"

"ಅದು ಮಾತು!" ಎಂದು ಪೊರ್ಬುಗಳು ತಲೆದೂಗಿದರು. "ನಾನು ಕೂಡ ಗುನುಗುತ್ತೇನೆ," ಎಂದರು ರೋಸಿಬಾಯಿ.

ಮಾತು ಸಿಗದೆ ಇವರು ಸುಮ್ಮನಾದದ್ದನ್ನು ನಾನು ಕಂಡದ್ದು ಅದೇ ಮೊದಲು. ಜೆನಿಫರ್ ನನ್ನ ಕಿವಿಯ ಹತ್ತಿರ ಬಂದು, "ಆಂಟಿ, ಇವಳು ಗೆದ್ದರೆ ನಾವು ಸೋತೆವು!" ಎಂದಳು. ಚೈತಾಲಿಗೂ ಅದು ಆಗಲೇ ಹೊಳೆದಿರಬೇಕು. ಮುಖದ ಬಣ್ಣವೇ ಇಳಿಯಿತು. ಇಷ್ಟಪಟ್ಟು ಕೇಳಿದ ಹಾಡಲ್ಲವೇ, ಮಾತು ಬೇಕಾದದ್ದಕ್ಕಿಂತ ಚೆಂದ ಬಂದುಬಿಟ್ಟಿತ್ತು. ನಾನು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ. ನನ್ನ ಗಂಡ ಗೆಲ್ಲಲಿ ಎಂದು, ಮಗಳಿಗೋಸ್ಕರ.

ಇವರು ಕಣ್ಣು ಮುಚ್ಚಿ, ಪದ್ಯಕ್ಕೆ ಕಾಯುವವರ ಹಾಗೆ ಸ್ವಲ್ಪ ಹೊತ್ತು ಕುಳಿತರು. ಮತ್ತೆ, "ಜೆನಿಫರ್, ಕಾರಿನ ಒಳಗೆ ನಡೆಯುವುದು ಎಂತ?" ಎಂದು ಕೇಳಿದರು. ರ್‍ಯಾಲಿಯ ಬಗ್ಗೆ ಇವರು ಕೇಳಿದ ಮೊದಲ ಪ್ರಶ್ನೆ ಅದು.

"ಅವಳು ಓದುತ್ತಾಳೆ, ನಾನು ಓಡಿಸುತ್ತೇನೆ ಅಂಕಲ್. ಮುಂದಿನ ತಿರುವು ನನಗೆ ಕಾಣುವುದಿಲ್ಲ. ಅವಳು ಹೇಳಿದ್ದನ್ನು ನಂಬಿಯೇ ತಿರುಗಿಸುವುದು."

"ತಡವಾಗಿ ಹೇಳಿದರೆ?"

"ಹೊಂಡಕ್ಕೆ."

"ಮೊದಲೇ ಹೇಳಿದರೆ?"

"ಆಗಲೂ ಹೊಂಡಕ್ಕೇ. ಲಯ ತಪ್ಪಬಾರದು."

ಇವರು ತೊಡೆ ತಟ್ಟಿದರು. ಚಾವಡಿಯ ಗಾಜು ನಡುಗುವ ಸ್ವರ.

"ಕೇಳಿದೆಯಾ ಗಾಯಕೀ! ನಿನ್ನ ವೇದಿಕೆಯಲ್ಲಿ ಎಷ್ಟೋ ಸಲ ಯಂತ್ರ ಹಾಡುತ್ತದೆ, ನೀನು ಬಾಯಿ ಆಡಿಸುತ್ತೀ. ನನ್ನಲ್ಲಿ ಆ ಆಟ ನಡೆಯುವುದಿಲ್ಲ. ಒಬ್ಬಳು ಪದ್ಯ ಹೇಳುತ್ತಾಳೆ, ಇನ್ನೊಬ್ಬಳು ಅರ್ಥ ಹೇಳುತ್ತಾಳೆ, ಬಾಯಿಯಿಂದಲ್ಲ, ಸ್ಟೇರಿಂಗಿನಿಂದ! ಭಾಗವತನ ಮಾತು ಬಿದ್ದಲ್ಲಿಗೆ ಅರ್ಥಧಾರಿಯ ಮಾತು ಏಳಬೇಕು. ನಿನ್ನ ಹಾಡನ್ನು ಜನ ಮನೆಗೆ ಕೊಂಡುಹೋಗುತ್ತಾರೆ, ಒಪ್ಪಿದೆ. ಆದರೆ ನನ್ನ ಹಾಡು ಹಾಡಿದವರನ್ನೇ ಮನೆಗೆ ಕರೆತರುತ್ತದೆ! ಒಬ್ಬರನ್ನೊಬ್ಬರು ನಂಬಿ ಹೇಳಿದ ಮಾತಿಗಿಂತ ದೊಡ್ಡ ಹಾಡು ಯಾವುದುಂಟು?"

ಚೈತಾಲಿ ಎರಡೂ ಕೈ ಜೋಡಿಸಿ, "ಸೋತೆ," ಎಂದಳು.

"ರ್‍ಯಾಲಿ ಗೆದ್ದಿತು," ಎಂದರು ಪೊರ್ಬುಗಳು.

"ಕುಶಲಾ, ಎಲ್ಲರಿಗೂ ಚಹಾ ಮಾಡು!" ಎಂದು ನನಗೆ ಹೇಳಿ ಇವರು ಟವೆಲಿನಲ್ಲಿ ಮುಖ ಒರೆಸಿಕೊಂಡರು. ಅಷ್ಟು ಖುಷಿ. ಚೈತಾಲಿ ಟೀಪಾಯಿಯ ಮೇಲಿದ್ದ ಪಾಸುಗಳನ್ನು ರೋಸಿಬಾಯಿಯ ಕೈಗೆ ಕೊಟ್ಟಳು. "ನೀವು ಯಾರನ್ನಾದರೂ ಕರೆದುಕೊಂಡು ಹೋಗಿ ಆಂಟಿ. ಆದಿತ್ಯವಾರ ನನಗೆ ಆಗುವುದಿಲ್ಲವಲ್ಲ."

"ಯಾಕೆ ಆಗುವುದಿಲ್ಲ?" ಎಂದರು ಇವರು.

"ರ್‍ಯಾಲಿ ಗೆದ್ದಿತಲ್ಲ ಅಪ್ಪ."

ಇವರ ಕೈಯ ಟವೆಲು ಗಲ್ಲದ ಹತ್ತಿರವೇ ನಿಂತಿತು. ಮಗಳನ್ನು ನೋಡಿದರು, ಜೆನಿಫರಳನ್ನು ನೋಡಿದರು, ನನ್ನನ್ನು ನೋಡಿದರು. ನಾನು ಚಹಾದ ನೆಪದಲ್ಲಿ ಎದ್ದೆ.

"ಮೊದಲು ಹಾಗೆ ಸಪ್ಪೆ ಮಾತಾಡಿದ್ದು ಬೇಕೆಂದೇ?"

"ನಾನು ಚೆನ್ನಾಗಿ ಮಾತಾಡಿದ್ದರೆ ನೀವು ಇನ್ನೂ ಚೆನ್ನಾಗಿ ಮಾತಾಡುತ್ತಿದ್ದಿರಿ ಅಪ್ಪ. ಮತ್ತೆ ನಡುವೆ ಸ್ವಲ್ಪ ಜಾಸ್ತಿಯಾಯಿತು. ನೀವು ಸೋಲುತ್ತೀರಿ ಎಂದು ಹೆದರಿಬಿಟ್ಟೆ."

"ನಾನು? ಸೋಲುವುದು?"

ಪೊರ್ಬುಗಳು ಗಂಭೀರವಾಗಿ ಹೇಳಿದರು, "ಬೇಕಾದರೆ ಮಾತು ಹಿಂದೆ ತೆಗೆದುಕೊಳ್ಳಿ ದೇವದಾಸಣ್ಣ. ನಾವು ಸಂಘದಲ್ಲಿ ಯಾರಿಗೂ ಹೇಳುವುದಿಲ್ಲ."

"ಹೇಳಿದ ಅರ್ಥವನ್ನು ಹಿಂದೆ ತೆಗೆದುಕೊಂಡವ ಮತ್ತೆ ಸಭೆಯಲ್ಲಿ ಕೂರುವುದು ಹೇಗೆ ಮಾರಾಯ್ರೆ?" ಎಂದು ಇವರು ಗೊಣಗಿದರು. ಮತ್ತೆ ಸಣ್ಣ ಸ್ವರದಲ್ಲಿ, "ತಲೆಗೆ ಎಂತ ಹಾಕುತ್ತೀರಿ?" ಎಂದರು.

"ಹೆಲ್ಮೆಟು ಉಂಟು, ಬೆಲ್ಟು ಉಂಟು, ಸುತ್ತ ಕಬ್ಬಿಣದ ಪಂಜರ ಉಂಟು. ದಾರಿಯಲ್ಲಿ ಬೇರೆ ಒಂದು ಸೈಕಲನ್ನೂ ಬಿಡುವುದಿಲ್ಲ ಅಂಕಲ್," ಎಂದಳು ಜೆನಿಫರ್.

"ಹಾಗಾದರೆ ಓದು, ಕೇಳುವ."

ಚೈತಾಲಿ ತಿರುವುಗಳ ಪುಸ್ತಕ ತೆರೆದು ಓದಿದಳು. "ಲೆಫ್ಟ್ ತ್ರೀ, ದಿಣ್ಣೆ, ರೈಟ್ ಫೈವ್, ಬಲಬದಿ ಕಲ್ಲು..."

"ದಿಣ್ಣೆಯ ಮೇಲೆ ಉಸಿರು ತೆಗೆಯಬೇಡ. ಕಾರು ಹಾರುವಾಗ ನಿನ್ನ ಮಾತೂ ಹಾರಿಹೋಗುತ್ತದೆ. ಮೊದಲೇ ತೆಗೆ. ಹಾಂ, ಇನ್ನೊಮ್ಮೆ."

ಚಹಾ ಆರಿ ತಣ್ಣಗಾಯಿತು. ಯಾರೂ ಮುಟ್ಟಲಿಲ್ಲ.

ಆದಿತ್ಯವಾರ ಕಾರ್ಕಳದ ಆಚೆ, ರಬ್ಬರು ತೋಟದ ನಡುವಿನ ಮಣ್ಣು ದಾರಿಯ ಬದಿಯಲ್ಲಿ, ಹಗ್ಗದ ಹಿಂದೆ ನಾವು ನಿಂತಿದ್ದೆವು. ರೋಸಿಬಾಯಿ ಸಂಜೆಯ ಕಾರ್ಯಕ್ರಮಕ್ಕೆಂದು ಬೆಳಿಗ್ಗೆಯೇ ರೇಷ್ಮೆ ಉಟ್ಟು ಬಂದಿದ್ದರು. ಬಹಳ ಹೊತ್ತು ಎಂತದೂ ಇಲ್ಲ. ಮತ್ತೆ ದೂರದಲ್ಲಿ ಒಂದು ಗುಡುಗು, ತಿರುವಿನಲ್ಲಿ ಒಂದು ನೀಲಿ ಬಣ್ಣ, ಮೈಮೇಲೆಲ್ಲ ಧೂಳು. ಅಷ್ಟರಲ್ಲಿ ಕಾರು ಹೋಗಿಯಾಗಿತ್ತು. ಮಗಳ ಮುಖ ಕಾಣಲಿಲ್ಲ, ಸ್ವರ ಕೇಳಲಿಲ್ಲ. ಆದರೆ ಕಾರು ಆ ಕಡಿದಾದ ತಿರುವನ್ನು ಗೆರೆ ಎಳೆದ ಹಾಗೆ ದಾಟಿತ್ತು. ನಾನು ದೇವರಿಗೆ ಕೈ ಮುಗಿದೆ. ಪಕ್ಕದಲ್ಲಿ ಪೊರ್ಬುಗಳು ಶಿಲುಬೆಯ ಗುರುತು ಮಾಡಿಕೊಂಡರು.

ಹತ್ತಿರ ನಿಂತಿದ್ದ ಒಬ್ಬರು, "ಯಾರದು ಆ ಕಾರು?" ಎಂದು ಕೇಳಿದರು.

"ಓಡಿಸುವುದು ಇವರ ಮಗಳು," ಎಂದರು ನಮ್ಮವರು, ರೆಪ್ಪೆಯ ಧೂಳು ಕೂಡ ಒರೆಸದೆ. "ಹೇಳುವುದು ನಮ್ಮವಳು. ಮುಖ್ಯ ಹೇಳುವುದೇ."

"ಅದು ಹೇಗೆ ಮುಖ್ಯ?" ಎಂದರು ಪೊರ್ಬುಗಳು. "ಸ್ಟೇರಿಂಗು ಯಾರ ಕೈಯಲ್ಲಿ ಉಂಟು?"

"ದಾರಿ ಯಾರ ಬಾಯಲ್ಲಿ ಉಂಟು ಪೊರ್ಬುಗಳೇ?"

ಮುಂದಿನ ಕಾರು ಬಂದದ್ದೂ ಹೋದದ್ದೂ ಇಬ್ಬರಿಗೂ ಗೊತ್ತಾಗಲಿಲ್ಲ.